ಅಮ್ಮನೊಂದಿಗೆ ಪ್ರಕಟನೆಯ ಏಳು ಸಭೆಗಳ ಊರುಗಳಿಗೆ: ಹೋಗಿಬಂದವರು ದಯವಿಟ್ಟು ತಿಳಿಸಿ

ಪ್ರಶ್ನೆ

ಅಮ್ಮನಿಗೆ ಎಪ್ಪತ್ತು ದಾಟಿದೆ. ಮಂಡಿ ನೋವಿದೆ, ಹಟ ಅದಕ್ಕಿಂತ ಜೋರಾಗಿದೆ. ಯೆರೂಸಲೇಮಿಗೆ ಕರೆದೊಯ್ಯೋಣವೆಂದರೆ ಈಗಿನ ಪರಿಸ್ಥಿತಿಯಲ್ಲಿ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. "ಹಾಗಾದರೆ ಪ್ರಕಟನೆ ಪುಸ್ತಕದ ಏಳು ಸಭೆಗಳ ಊರನ್ನಾದರೂ ತೋರಿಸು" ಎನ್ನುತ್ತಾರೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಒಂದೊಂದು ಪತ್ರ ಪಡೆದ ಏಳು ಕ್ರೈಸ್ತ ಸಭೆಗಳವು. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ ಎಲ್ಲವೂ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿವೆ ಎಂಬುದಷ್ಟೇ ನನಗೆ ಗೊತ್ತು. ಏಳನ್ನೂ ನೋಡಲೇಬೇಕೇ? ವಯಸ್ಸಾದವರಿಗೆ ಎಲ್ಲಿ ಕಷ್ಟವಾಗುತ್ತದೆ? ಯೋಹಾನನು ಪ್ರಕಟನೆಯ ದರ್ಶನ ಕಂಡ ಪತ್ಮೋಸ್ ದ್ವೀಪವನ್ನೂ ಸೇರಿಸಿಕೊಳ್ಳಬಹುದೇ? ಪ್ರವಾಸ ಸಂಸ್ಥೆಯವರ ಕರಪತ್ರದಲ್ಲಿ ಎಲ್ಲವೂ ಸುಲಭವೆಂದೇ ಅಚ್ಚಾಗಿದೆ. ಅದಕ್ಕೇ ಹೋಗಿಬಂದವರನ್ನು ಕೇಳುತ್ತಿದ್ದೇನೆ.

ಸಭೆಯ ಗುಂಪುಗಳನ್ನು ಕರೆದೊಯ್ಯುವ ಪಾಸ್ಟರ್

ಸಹೋದರಿ, ಹೊರಡುವ ಮೊದಲೇ ಅಮ್ಮನಿಗೆ ಒಂದು ಮಾತು ಹೇಳಿಬಿಡಿ. ಅಲ್ಲಿ ಏಳು ದೇವಾಲಯಗಳು ನಿಂತಿಲ್ಲ. ಯೋಹಾನನು ಆ ಏಳು ಪತ್ರಗಳನ್ನು ಬರೆದದ್ದು ಮನೆಗಳಲ್ಲಿ ಕೂಡಿಬರುತ್ತಿದ್ದ ವಿಶ್ವಾಸಿಗಳಿಗೆ. ಆ ಮನೆಗಳು ಯಾವುವೆಂದು ಇಂದು ಯಾರೂ ಬೆರಳು ಮಾಡಿ ತೋರಿಸಲಾರರು. ಈಗ ಕಾಣುವ ಚರ್ಚುಗಳ ಅವಶೇಷಗಳು ಅದಕ್ಕಿಂತ ಎರಡು ಮೂರು ಶತಮಾನ, ಕೆಲವು ಕಡೆ ಇನ್ನೂ ಹೆಚ್ಚು, ಈಚಿನವು. ಇದು ತಿಳಿಯದೆ ಬಂದವರು ಎರಡನೆಯ ಊರಿಗೇ "ಬರೀ ಕಲ್ಲು" ಎಂದು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಅಲ್ಲಿ ನೋಡಬೇಕಾದದ್ದು ಊರು ಕೂತಿರುವ ಜಾಗ, ಬೆಟ್ಟ, ನೀರು, ದಾರಿ. ಆಯಾ ಪತ್ರವನ್ನು ಆಯಾ ಊರಿನಲ್ಲೇ ಕೂತು ಗಟ್ಟಿಯಾಗಿ ಓದಿದರೆ ಕಲ್ಲುಗಳು ಬಾಯಿ ಬಿಡುತ್ತವೆ.

ಸಾರ್ದಿಸನ್ನೇ ತೆಗೆದುಕೊಳ್ಳಿ. ಅದರ ಕೋಟೆ ಕಡಿದಾದ ಬೆಟ್ಟದ ನೆತ್ತಿಯಲ್ಲಿತ್ತು. ಒಂದು ಬದಿಯನ್ನು ಯಾರೂ ಹತ್ತಲಾರರೆಂದು ಅಲ್ಲಿ ಕಾವಲೇ ಇಟ್ಟಿರಲಿಲ್ಲ. ಪರ್ಷಿಯದ ರಾಜ ಕೋರೆಷನು ಮುತ್ತಿಗೆ ಹಾಕಿದಾಗ ಕೋಟೆಯ ಸೈನಿಕನೊಬ್ಬನ ಶಿರಸ್ತ್ರಾಣ ಉರುಳಿ ಕೆಳಗೆ ಬಿತ್ತಂತೆ. ಅವನು ಇಳಿದು ಬಂದು ಅದನ್ನು ಎತ್ತಿಕೊಂಡು ಹೋದದ್ದನ್ನು ಶತ್ರುವಿನ ಕಡೆಯವನೊಬ್ಬ ಕಂಡ. ಅದೇ ಜಾಡು ಹಿಡಿದು ಹತ್ತಿ ಊರನ್ನು ವಶಪಡಿಸಿಕೊಂಡರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಮುನ್ನೂರು ವರ್ಷ ಕಳೆದ ಮೇಲೆ, ಸಿರಿಯದ ರಾಜ ಮೂರನೆಯ ಆಂಟಿಯೋಕಸನ ಸೈನ್ಯವೂ ಕಾವಲಿಲ್ಲದ ಗೋಡೆಯನ್ನೇ ಹತ್ತಿ ಒಳನುಗ್ಗಿತು. ಇದನ್ನು ಹೇಳಿ, ಆ ಬೆಟ್ಟ ತೋರಿಸಿ, ಆಮೇಲೆ ಮೂರನೆಯ ಅಧ್ಯಾಯದ "ಎಚ್ಚರಗೊಳ್ಳದಿದ್ದರೆ ಕಳ್ಳನಂತೆ ಬರುವೆನು" ಎಂಬ ಭಾಗವನ್ನು ಓದಿಸಿ. ಅದಕ್ಕೆ ಪ್ರಸಂಗವೇ ಬೇಕಾಗುವುದಿಲ್ಲ.

ಫಿಲದೆಲ್ಫಿಯ, ಅಂದರೆ ಈಗಿನ ಆಲಾಶೆಹಿರ್, ಪೇಟೆಯ ನಡುವಿನ ಒಂದು ಬೇಲಿ ಹಾಕಿದ ಅಂಗಳ. ಒಳಗೆ ಸಂತ ಯೋಹಾನನ ಹೆಸರಿನ ಚರ್ಚಿನ ಇಟ್ಟಿಗೆಯ ದೈತ್ಯ ಕಂಬಗಳು. ಕ್ರಿ.ಶ. 17ರ ಭೂಕಂಪ ಈ ಊರನ್ನು ಕೆಡವಿತ್ತು. ಅನಂತರವೂ ಗೋಡೆಗಳು ಬಿರುಕು ಬಿಡುತ್ತಲೇ ಇದ್ದುದರಿಂದ ಜನ ಊರ ಹೊರಗೆ ಹೊಲಗಳಲ್ಲೇ ವಾಸಿಸುತ್ತಿದ್ದರು ಎಂದು ಆ ಕಾಲದ ಭೂಗೋಳಕಾರ ಸ್ಟ್ರಾಬೋ ಹೇಳುತ್ತಾನೆ. ಅಂಥವರಿಗೆ ಬಂದ ಪತ್ರದಲ್ಲಿ, ಜಯಹೊಂದಿದವನು ದೇವಾಲಯದಲ್ಲಿ ಕಂಬವಾಗುತ್ತಾನೆ, ಇನ್ನೆಂದಿಗೂ ಹೊರಗೆ ಹೋಗುವುದಿಲ್ಲ ಎಂಬ ವಾಗ್ದಾನವಿದೆ. ನಮ್ಮ ಗುಂಪಿನ ಅಜ್ಜಿಯೊಬ್ಬರು ಆ ಕಂಬಕ್ಕೆ ಒರಗಿ ಕೂತವರು ಬಸ್ಸಿನ ಹಾರ್ನ್‌ಗೂ ಏಳಲಿಲ್ಲ.

ಆದ್ದರಿಂದ ನನ್ನ ಸಲಹೆ, ಏಳನ್ನೂ ನೋಡಿ, ಪತ್ರಗಳ ಕ್ರಮದಲ್ಲೇ ನೋಡಿ. ಎಫೆಸದಿಂದ ಉತ್ತರಕ್ಕೆ ಸ್ಮುರ್ನ, ಪೆರ್ಗಮ, ಅಲ್ಲಿಂದ ಆಗ್ನೇಯಕ್ಕೆ ತಿರುಗಿ ಉಳಿದ ನಾಲ್ಕು. ಪತ್ರ ಹೊತ್ತವನು ನಡೆದುಹೋಗಬಹುದಾದ ಸುತ್ತುದಾರಿ ಅದು. ಇಂದಿನ ಹೆದ್ದಾರಿಯೂ ಹೆಚ್ಚುಕಡಿಮೆ ಹಾಗೆಯೇ ಸಾಗುತ್ತದೆ.

ಅತ್ತೆಯವರೊಂದಿಗೆ ಹೋಗಿಬಂದವರು

ಪಾಸ್ಟರ್ ಅವರ ಮಾತಿಗೆ ಅಡ್ಡ ಹೇಳುತ್ತಿಲ್ಲ. ಆದರೆ ಮಂಡಿ ನೋವಿನವರಿಗೆ ಏಳು ಊರು ಎಂದರೆ ಏಳು ಸಲ ಗಾಡಿ ಹತ್ತಿ ಇಳಿಯುವುದಲ್ಲ, ಎಪ್ಪತ್ತು ಸಲ. ನಾವು ಎಫೆಸ, ಸಾರ್ದಿಸ್, ಲವೊದಿಕೀಯಗಳಿಗೆ ಸಮಯ ಕೊಟ್ಟು, ಉಳಿದವುಗಳಲ್ಲಿ ದಾರಿಗೆ ಸಿಕ್ಕಿದ್ದನ್ನಷ್ಟೇ ನೋಡಿದೆವು. ಅತ್ತೆಗೆ ಏನೂ ಕಡಿಮೆಯಾಯಿತು ಅನಿಸಲಿಲ್ಲ.

ಎಫೆಸಕ್ಕೆ ಎರಡು ಬಾಗಿಲುಗಳಿವೆ. ಮೇಲಿನ ಬಾಗಿಲಲ್ಲಿ ಇಳಿದು ಕೆಳಗಿನ ಬಾಗಿಲಲ್ಲಿ ಹೊರಬನ್ನಿ, ಕಾರಿನವರಿಗೆ ಕೆಳಗೆ ಕಾಯಲು ಹೇಳಿ. ಕೆಳಗಿನಿಂದ ಹೊರಟರೆ ಇಡೀ ಇಳಿಜಾರನ್ನು ಏರಬೇಕಾಗುತ್ತದೆ. ದಾರಿಗೆ ಹಾಸಿರುವ ಅಮೃತಶಿಲೆ ಶತಮಾನಗಳಿಂದ ಸವೆದು ನುಣುಪಾಗಿದೆ, ಒಂದು ಹನಿ ಮಳೆ ಬಿದ್ದರೂ ಜಾರುತ್ತದೆ. ಚಪ್ಪಲಿ ಬೇಡವೇ ಬೇಡ. ಹಿಡಿತವಿರುವ ಶೂ, ಒಂದು ಊರುಗೋಲು, ತಲೆಗೆ ಟೋಪಿ ಇರಲಿ. ಒಳಗೆ ನೆರಳು ಅಪರೂಪ. ಜುಲೈ, ಆಗಸ್ಟ್ ತಿಂಗಳಲ್ಲಿ ಹೋಗಲೇಬೇಡಿ. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಹಡಗಿನ ಪ್ರವಾಸಿಗರ ಬಸ್ಸುಗಳು ಬಂದವೆಂದರೆ ನಿಂತು ನೋಡಲೂ ಜಾಗವಿರುವುದಿಲ್ಲ. ವಿದೇಶಿಯರಿಗೆ ಟಿಕೆಟ್ 2024ರಲ್ಲಿ 40 ಯುರೋ ಇತ್ತು. ಹೊರಡುವ ಮುನ್ನ ಈಗಿನ ದರ ನೋಡಿಕೊಳ್ಳಿ.

ಅಪೊಸ್ತಲರ ಕೃತ್ಯಗಳು ಹತ್ತೊಂಬತ್ತನೆಯ ಅಧ್ಯಾಯದ ಗಲಭೆ ನೆನಪಿದೆಯಲ್ಲ, ಪೌಲನ ವಿರುದ್ಧ ಅಕ್ಕಸಾಲಿಗ ದೇಮೇತ್ರಿಯನು ಎಬ್ಬಿಸಿದ್ದು? ಜನ ಕೂಗಾಡಿದ ರಂಗಮಂದಿರ ಹಾಗೆಯೇ ಇದೆ, ಸುಮಾರು 25,000 ಜನ ಕೂರುವಷ್ಟು ದೊಡ್ಡದು. ಮೆಟ್ಟಿಲು ಹತ್ತದೆ ಕೆಳಗಿನಿಂದಲೇ ನೋಡಿದರೂ ಸಾಕು. ಅಲ್ಲಿಂದ ಹೊರಬಾಗಿಲ ಕಡೆಗೆ ಬರುವಾಗ ಪಕ್ಕಕ್ಕೆ ತಿರುಗಿದರೆ ಮರಿಯಳ ಹೆಸರಿನ ಚರ್ಚಿನ ಅವಶೇಷವಿದೆ. ಕ್ರಿ.ಶ. 431ರ ಬಿಷಪರ ಮಹಾಸಭೆ ಸೇರಿದ್ದು ಅಲ್ಲೇ. ಹೆಚ್ಚಿನ ಗೈಡುಗಳು ಅದನ್ನು ಬಿಟ್ಟುಬಿಡುತ್ತಾರೆ, ನೀವೇ ಕೇಳಿ ಹೋಗಿ.

ಪೆರ್ಗಮಕ್ಕೆ ಹೋಗುವುದಾದರೆ ಬೆಟ್ಟದ ಮೇಲಕ್ಕೆ ಕೇಬಲ್ ಕಾರ್ ಇದೆ, ಹೆದರಬೇಡಿ. ಆದರೆ ಮೇಲೆ ಹೋದ ನಂತರವೂ ನಡಿಗೆ ಏರುಪೇರಿನದು. ಜ್ಯೂಸನ ಬಲಿಪೀಠ ಇದ್ದ ಕಡೆ ಈಗ ಅಡಿಪಾಯದ ಮೆಟ್ಟಿಲುಗಳೂ ಮರಗಳೂ ಮಾತ್ರ ಇವೆ, ಶಿಲ್ಪಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಬರ್ಲಿನ್ನಿಗೆ ಒಯ್ದಿದ್ದಾರೆ. ಲವೊದಿಕೀಯದ ಹತ್ತಿರದ ಪಾಮುಕ್ಕಲೆಯ ಬಿಳಿ ಸುಣ್ಣದ ಮೆಟ್ಟಿಲುಗಳ ಮೇಲೆ ಬರಿಗಾಲಿನಲ್ಲೇ ನಡೆಯಬೇಕು. ಅಮ್ಮನನ್ನು ಅಲ್ಲಿ ಇಳಿಸಬೇಡಿ, ಮೇಲಿನಿಂದಲೇ ತೋರಿಸಿ. ಅಲ್ಲಿಯ ಅಪೊಸ್ತಲ ಫಿಲಿಪ್ಪನ ಸಮಾಧಿಯ ಗುಡ್ಡವೂ ಅವರಿಗೆ ಆಗುವುದಿಲ್ಲ.

ವಾಹನದ ಬಗ್ಗೆ: ಇಜ್ಮೀರ್‌ನಲ್ಲಿ (ಹಳೆಯ ಸ್ಮುರ್ನ) ಒಂದು ನೆಲೆ, ಎಫೆಸದ ಪಕ್ಕದ ಸೆಲ್ಚುಕ್‌ನಲ್ಲಿ ಒಂದು, ಪಾಮುಕ್ಕಲೆ ಹತ್ತಿರ ಒಂದು. ದಿನಕ್ಕೊಂದು ಹೋಟೆಲ್ ಬದಲಿಸಬೇಡಿ. ಚಾಲಕನ ಸಮೇತ ಕಾರು ಗೊತ್ತು ಮಾಡುವಾಗ ನಿಲ್ಲಿಸಬೇಕಾದ ಊರುಗಳ ಹೆಸರನ್ನು ಇಂದಿನ ಟರ್ಕಿ ಹೆಸರಿನಲ್ಲೇ ಬರೆದುಕೊಡಿ: ಬೆರ್ಗಾಮಾ, ಅಖಿಸಾರ್, ಸಾರ್ಟ್, ಆಲಾಶೆಹಿರ್. ಥುವತೈರ ಎಂದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಕಥೋಲಿಕ ಕುಟುಂಬದವರೊಬ್ಬರು

ಸೆಲ್ಚುಕ್‌ಗೆ ಹೋಗಿ ಮಾತೆ ಮರಿಯಮ್ಮನವರ ಮನೆಗೆ ಹೋಗದೆ ಬರಬೇಡಿ, ನೀವು ಯಾವ ಸಭೆಯವರೇ ಆಗಿರಿ. ಎಫೆಸದ ಮೇಲಿನ ಬೆಟ್ಟದಲ್ಲಿ, ಮರಗಳ ನಡುವೆ ಕಲ್ಲಿನ ಒಂದು ಚಿಕ್ಕ ಮನೆ. ಜರ್ಮನಿಯ ಸನ್ಯಾಸಿನಿ ಆನ್ ಕ್ಯಾಥರೀನ್ ಎಮೆರಿಕ್ ಅವರ ದರ್ಶನಗಳ ವಿವರ ಹಿಡಿದು ಹುಡುಕಿದ ಗುರುಗಳಿಗೆ 1891ರಲ್ಲಿ ಸಿಕ್ಕ ಜಾಗ. ಮರಿಯಮ್ಮನವರು ಕೊನೆಗಾಲ ಕಳೆದ ಮನೆ ಇದೇ ಎಂದು ಧರ್ಮಸಭೆ ತೀರ್ಪು ಕೊಟ್ಟಿಲ್ಲ. ಆದರೂ 1967, 1979 ಮತ್ತು 2006ರಲ್ಲಿ ಮೂವರು ಪೋಪರು ಇಲ್ಲಿ ಬಂದು ಪ್ರಾರ್ಥಿಸಿದ್ದಾರೆ. ನನಗೆ ಅಷ್ಟು ಸಾಕು. ಮುಸ್ಲಿಂ ಹೆಂಗಸರೂ ಭಕ್ತಿಯಿಂದ ಬರುತ್ತಾರೆ. ಕೆಳಗಿನ ಗೋಡೆಗೆ ಹರಕೆಯ ಚೀಟಿಗಳನ್ನೂ ಬಟ್ಟೆಯ ಚೂರುಗಳನ್ನೂ ಕಟ್ಟಿ ಕಟ್ಟಿ ಗೋಡೆಯೇ ಕಾಣದಂತಾಗಿದೆ. ಟಿಕೆಟ್ ಬೇರೆಯೇ, ಮ್ಯೂಸಿಯಂ ಪಾಸ್ ಅಲ್ಲಿ ನಡೆಯುವುದಿಲ್ಲ. ಕಾರು ಬಾಗಿಲವರೆಗೂ ಹತ್ತುತ್ತದೆ, ಅಮ್ಮನಿಗೆ ಕಷ್ಟವಿಲ್ಲ.

ಹಾಗೆಯೇ ಸೆಲ್ಚುಕ್ ಪೇಟೆಯಲ್ಲಿರುವ ಸಂತ ಯೋಹಾನರ ಬೆಸಿಲಿಕಾ. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಟ್ಟಿಸಿದ್ದು. ನಾಲ್ಕು ಕಂಬಗಳ ನಡುವೆ ನೆಲಮಟ್ಟದಲ್ಲಿ ಅಪೊಸ್ತಲರ ಸಮಾಧಿಯ ಗುರುತು, ಪಕ್ಕದ ಕೋಣೆಯಲ್ಲಿ ನೆಲದೊಳಗೆ ಇಳಿದಿರುವ ದೀಕ್ಷಾಸ್ನಾನದ ಕೊಳ. ಒಂದು ಕಡೆ ಮೆಟ್ಟಿಲಿಳಿದು ನೀರು ಹೊಕ್ಕು ಇನ್ನೊಂದು ಕಡೆ ಹತ್ತಿ ಬರುವಂತೆ ಮಾಡಿದ್ದಾರೆ. ಎಫೆಸಕ್ಕೆ ನುಗ್ಗುವ ಜನರಲ್ಲಿ ಕಾಲು ಪಾಲೂ ಇಲ್ಲಿಗೆ ಬರುವುದಿಲ್ಲ.

ಇತಿಹಾಸ ಕಲಿಸಿ ನಿವೃತ್ತರಾದವರು

ಪಾಸ್ಟರ್ ಅವರು ಲವೊದಿಕೀಯದ ಹೆಸರನ್ನೇ ಎತ್ತಲಿಲ್ಲ, ಅತ್ತೆಯವರೊಂದಿಗೆ ಹೋಗಿಬಂದ ಸಹೋದರಿಯವರು ಹೆಸರೆತ್ತಿ ಮುಂದೆ ಹೋಗಿಬಿಟ್ಟರು. ನನ್ನ ಮಟ್ಟಿಗೆ ಅದೇ ಈ ಯಾತ್ರೆಯ ತಿರುಳು. ಎಫೆಸಕ್ಕಿಂತ ಹೆಚ್ಚು ಹೊತ್ತನ್ನು ಅಲ್ಲಿ ಕಳೆಯಿರಿ. ದೆನಿಜ್ಲಿ ಹತ್ತಿರದ ಈ ಊರಿನ ಉತ್ಖನನ 2003ರಿಂದ ಬಿಡದೆ ನಡೆದಿದೆ. 2010ರಲ್ಲಿ ನಾಲ್ಕನೆಯ ಶತಮಾನದ ದೊಡ್ಡ ಚರ್ಚು ಸಿಕ್ಕಿತು. ಅದಕ್ಕೆ ಮೇಲ್ಛಾವಣಿ ಹಾಕಿ, ಮೊಸಾಯಿಕ್ ನೆಲ ಹಾಳಾಗದಂತೆ ಮೇಲೆ ಗಾಜಿನ ಹಾದಿ ಮಾಡಿದ್ದಾರೆ.

ಆದರೆ ನೀವು ಮೊದಲು ಹುಡುಕಬೇಕಾದದ್ದು ಊರಿಗೆ ನೀರು ತಂದ ಕೊಳವೆಗಳನ್ನು. ಸುಟ್ಟ ಮಣ್ಣಿನವು, ಕಲ್ಲಿನವು, ಎರಡೂ ಇವೆ. ಒಡೆದ ಒಂದು ಕೊಳವೆಯ ಬಾಯಿಗೆ ಕಣ್ಣಿಟ್ಟು ನೋಡಿ: ಒಳಗೆಲ್ಲ ಸುಣ್ಣ ಉಂಗುರ ಉಂಗುರವಾಗಿ ಗಟ್ಟಿಕಟ್ಟಿ, ಕೈ ತೂರುವಷ್ಟಿದ್ದ ರಂಧ್ರದಲ್ಲಿ ಬೆರಳು ಹೋಗುವಷ್ಟು ಜಾಗ ಉಳಿದಿದೆ. ತಲೆಯೆತ್ತಿದರೆ ಉತ್ತರಕ್ಕೆ ಪಾಮುಕ್ಕಲೆಯ ಬಿಳಿ ಬೆಟ್ಟ, ಅದು ಬಿಸಿನೀರಿನ ಬುಗ್ಗೆಗಳ ಹಿಯೆರಾಪೊಲಿ. ಇನ್ನೊಂದು ದಿಕ್ಕಿನಲ್ಲಿ ಕೊಲೊಸ್ಸೆಯ ದಿಬ್ಬ, ಅಲ್ಲಿ ಹರಿಯುವುದು ಬೆಟ್ಟದ ತಣ್ಣೀರು. ನಡುವಿನ ಈ ಶ್ರೀಮಂತ ಊರಿಗೆ ಬಂದ ಪತ್ರದಲ್ಲಿ "ತಣ್ಣಗೂ ಅಲ್ಲ, ಬಿಸಿಯೂ ಅಲ್ಲ" ಎಂಬ ಮಾತು. ಈ ನೀರಿನ ವಿವರಣೆಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಅದು ಔತಣದ ಪಾನೀಯದ ರೂಪಕ ಎನ್ನುತ್ತಾರೆ. ಇರಲಿ. ಆದರೆ ಐಶ್ವರ್ಯದ ಮಾತಿನಲ್ಲಿ ಅನುಮಾನವಿಲ್ಲ. ಕ್ರಿ.ಶ. 60ರ ಭೂಕಂಪದಲ್ಲಿ ಬಿದ್ದ ಊರನ್ನು ರೋಮಿನ ನೆರವಿಲ್ಲದೆ ತಮ್ಮ ಹಣದಿಂದಲೇ ಎಬ್ಬಿಸಿದರು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. "ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ" ಎಂಬ ಜಂಬವನ್ನು ಪತ್ರ ಚುಚ್ಚುವುದು ಅಲ್ಲಿಗೇ.

ಥುವತೈರದ ವಿಷಯದಲ್ಲಿ ಸಹೋದರಿಯವರ ಪಕ್ಷ ನನ್ನದು. ಏಳರಲ್ಲಿ ಅತಿ ಉದ್ದದ ಪತ್ರ ಅದಕ್ಕೇ ಬಂದಿದೆ, ನೋಡಲು ಉಳಿದಿರುವುದು ಮಾತ್ರ ಅಖಿಸಾರ್ ಪೇಟೆಯ ಕಟ್ಟಡಗಳ ನಡುವಿನ ಒಂದು ಚೌಕ. ಧೂಮ್ರವರ್ಣದ ವಸ್ತ್ರ ಮಾರುತ್ತಿದ್ದ ಲುದ್ಯಳ ಊರೆಂದು ಅಮ್ಮನಿಗೆ ಆಸೆಯಿದ್ದರೆ ಊಟದ ಹೊತ್ತಿಗೆ ಅಲ್ಲಿ ನಿಲ್ಲಿಸಿ.

ಪತ್ಮೋಸ್ ಬಗ್ಗೆ ಕೇಳಿದ್ದೀರಿ. ಅದು ಗ್ರೀಸ್ ದೇಶದ ದ್ವೀಪ, ಷೆಂಗೆನ್ ವೀಸಾ ಬೇಕು. ದೋಣಿಗಳು ಋತುವಿಗೆ ತಕ್ಕಂತೆ, ಬಹುತೇಕ ಸಾಮೋಸ್ ದ್ವೀಪದ ಮೂಲಕ. ಇದಕ್ಕಿಂತ ಮುಖ್ಯವಾದದ್ದು, ನಿಮ್ಮ ಟರ್ಕಿ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಪತ್ಮೋಸ್‌ಗೆ ಹೋದ ಮೇಲೆ ಟರ್ಕಿಗೆ ವಾಪಸು ಬಿಡುವುದಿಲ್ಲ. ಆದ್ದರಿಂದ ಪತ್ಮೋಸನ್ನು ಕೊನೆಗಿಟ್ಟು ಅಲ್ಲಿಂದ ಅಥೆನ್ಸ್ ಮೂಲಕ ಮನೆಗೆ ಮರಳಿ, ಇಲ್ಲವೇ ಕೈಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಅಮ್ಮನಿಗೆ ಓದಿ ಹೇಳಿದೆ. ಪತ್ಮೋಸ್ ಬಿಟ್ಟೆವು. ಆ ಕೊಳವೆ ನೋಡಲೇಬೇಕಂತೆ. ಇನ್ನೊಂದು ಸಂದೇಹ: ಆ ಜಾಗಗಳಲ್ಲಿ ಹಾಡಿ ಪ್ರಾರ್ಥನೆ ಮಾಡಬಹುದೇ? ಭಾನುವಾರ ಎಲ್ಲಿಗೆ ಹೋಗುವುದು?

ಪಾಸ್ಟರ್

ನೀವಿಬ್ಬರೇ ಕೂತು ವಾಕ್ಯ ಓದಿ ಪ್ರಾರ್ಥಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಗುಂಪಾಗಿ ಆರಾಧನೆ, ಕರ್ತನ ಭೋಜನ ಎಂದರೆ ಮೊದಲೇ ಅನುಮತಿ ಬೇಕು, ಅವು ಸರ್ಕಾರದ ಸಂರಕ್ಷಿತ ತಾಣಗಳು. ನಿಮ್ಮೊಂದಿಗೆ ಬರುವ ಬೋಧಕರು ಅಲ್ಲಿ ಗೈಡಿನಂತೆ ಗುಂಪಿಗೆ ವಿವರಣೆ ಕೊಡುವುದಕ್ಕೂ ಅವಕಾಶವಿಲ್ಲ, ಪರವಾನಗಿ ಪಡೆದ ಸ್ಥಳೀಯ ಗೈಡ್ ಮಾತ್ರ ಆ ಕೆಲಸ ಮಾಡಬಹುದು. ಭಾನುವಾರವನ್ನು ಇಜ್ಮೀರ್‌ಗೆ ಇಟ್ಟುಕೊಳ್ಳಿ. ಏಳರಲ್ಲಿ ಇಂದಿಗೂ ಮಹಾನಗರವಾಗಿರುವುದು ಸ್ಮುರ್ನವೊಂದೇ. ಅಲ್ಲಿ ನಿಯಮಿತವಾಗಿ ಆರಾಧನೆ ನಡೆಯುವ ಚರ್ಚುಗಳಿವೆ. ರಕ್ತಸಾಕ್ಷಿ ಪಾಲಿಕಾರ್ಪನ ಹೆಸರಿನ ಹಳೆಯ ಚರ್ಚಿನ ಬಾಗಿಲು ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ, ಸಮಯ ವಿಚಾರಿಸಿಕೊಂಡು ಹೋಗಿ. ಸ್ಮುರ್ನಕ್ಕೆ ಬಂದ ಪತ್ರದಲ್ಲಿ ಗದರಿಕೆಯ ಒಂದು ಮಾತೂ ಇಲ್ಲ, ಅದನ್ನು ಆ ದಿನ ಓದಿಕೊಳ್ಳಿ.

ಇತಿಹಾಸದವರು

ಒಂದು ಮಾತು ಬಿಟ್ಟುಹೋಯಿತು. ಅವಶೇಷಗಳ ನಡುವಿನಿಂದ ಸಣ್ಣ ಕಲ್ಲನ್ನೂ ಎತ್ತಿ ಚೀಲಕ್ಕೆ ಹಾಕಬೇಡಿ, ಅಮ್ಮನಿಗೂ ಹೇಳಿಡಿ. ಪ್ರಾಚೀನ ವಸ್ತುಗಳನ್ನು ದೇಶದ ಹೊರಗೆ ಒಯ್ಯುವುದು ಅಲ್ಲಿ ಜೈಲಿಗೆ ಹೋಗುವ ಅಪರಾಧ, ವಿಮಾನ ನಿಲ್ದಾಣದಲ್ಲಿ "ನೆನಪಿಗೆ ತಂದೆವು" ಎಂದರೆ ನಡೆಯುವುದಿಲ್ಲ. ಬಾಗಿಲ ಬಳಿ ಕಿವಿಯಲ್ಲಿ ಪಿಸುಗುಟ್ಟುತ್ತಾ ರೋಮನ್ ನಾಣ್ಯ ತೋರಿಸುವವರು ಸಿಗುತ್ತಾರೆ. ಆ ನಾಣ್ಯಗಳು ಹೆಚ್ಚಾಗಿ ನಕಲಿ. ಅಸಲಿಯಾಗಿದ್ದರೆ ಇನ್ನೂ ಕೆಟ್ಟದ್ದು. ನೆನಪಿಗೆ ಏನಾದರೂ ಬೇಕೆಂದರೆ ಸೆಲ್ಚುಕ್ ಪೇಟೆಯಲ್ಲಿ ಹೊಸದಾಗಿ ಮಾಡಿದ ವಸ್ತುವನ್ನು ಕೊಂಡು ರಸೀದಿ ಇಟ್ಟುಕೊಳ್ಳಿ.