ಹಳೆಯ ಪಾಮ್ ಆರ್ಗನೈಸರ್ (ಜೇಬಿನ ಡಿಜಿಟಲ್ ಡೈರಿ) ದಿನಬಳಕೆಗೆ: ತ್ರೀ-ಎಕ್ಸ್‌ಇ ಸಾಕಾ, ಟಂಗ್‌ಸ್ಟನ್ ಇ2 ಬೇಕಾ?

ಪ್ರಶ್ನೆ: ವಿಳಾಸ, ಕೆಲಸದ ಪಟ್ಟಿ, ಅಲಾರಂ ಇಷ್ಟಕ್ಕೇ ಬೇಕು. ಫೋನ್ ಬೇಡ ಅನ್ನಿಸಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಈ ಎರಡು ಮಾಡೆಲ್‌ಗಳಲ್ಲಿ ಯಾವುದು ತಗೊಳ್ಳಲಿ?

ಉತ್ತರ 1: ಇಷ್ಟಕ್ಕೆ ತ್ರೀ-ಎಕ್ಸ್‌ಇ ಧಾರಾಳ ಸಾಕು. 8 ಎಂಬಿ, ಎರಡು ಎಎಎ ಸೆಲ್. ಆದರೆ ಮಾಹಿತಿ ಇರೋದು ರ‍್ಯಾಮ್‌ನಲ್ಲಿ, ಸೆಲ್ ಪೂರ್ತಿ ಸತ್ತರೆ ಎಲ್ಲಾ ಹೋಗುತ್ತೆ. ಮೊದಲು ಹಾಟ್‌ಸಿಂಕ್ ಮಾಡಿ (ಮಾಹಿತಿಯ ನಕಲು ಕಂಪ್ಯೂಟರಿಗೆ ಕಳಿಸಿ), ಹೊಸ ಸೆಲ್ ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ತೆಗೆಯಿರಿ. ಒಂದು ನಿಮಿಷದೊಳಗೆ ಮುಗಿಸಬೇಕು. ರೀಚಾರ್ಜಬಲ್ ಸೆಲ್ ಹಾಕಿದರೆ ಸೆಲ್ ಎಷ್ಟು ಉಳಿದಿದೆ ಅಂತ ತೋರಿಸುವ ಮೀಟರ್ ನಂಬಬೇಡಿ: ಅದು 1.2 ವೋಲ್ಟ್, ಆಲ್ಕಲೈನ್ 1.5.

ಉತ್ತರ 2: ತ್ರೀ-ಎಕ್ಸ್‌ಇ ಕೊಳ್ಳುವಾಗ ಸೆಲ್ ಮುಚ್ಚಳ ತೆಗೆಸಿ ನೋಡಿ. ಸ್ಪ್ರಿಂಗ್ ಮೇಲೆ ಹಸಿರು ಕಿಲುಬಿದ್ದರೆ ಬಿಟ್ಟುಬಿಡಿ. ಮುಟ್ಟಿದ ಕಡೆ ಬಿಟ್ಟು ಪಕ್ಕದ ಬಟನ್ ಒತ್ತಿಕೊಂಡರೆ ಸ್ಕ್ರೀನ್ ಕೆಟ್ಟಿದೆ ಅಂದುಕೊಳ್ಳಬೇಡಿ, ಪ್ರಿಫ್ಸ್‌ನಲ್ಲಿ (ಸೆಟ್ಟಿಂಗ್ಸ್) ಡಿಜಿಟೈಸರ್ ಅನ್ನೋ ಸ್ಪರ್ಶ ಸರಿಪಡಿಸುವ ಪುಟ ತೆರೆದು ಗುರಿಗಳ ನಡುಮಧ್ಯಕ್ಕೆ ಬರೆಯುವ ಕಡ್ಡಿ ತಾಗಿಸಿ. ಗ್ರಾಫಿಟಿಯಲ್ಲಿ (ಕಡ್ಡಿಯಿಂದ ಬರೆಯುವ ಜಾಗದಲ್ಲಿ) ಅಕ್ಷರ ಎಡಗಡೆ, ಅಂಕಿ ಬಲಗಡೆ. ಬಲದಲ್ಲಿ ಅಕ್ಷರ ಬರೆದರೆ ಏನೇನೋ ಮೂಡುತ್ತೆ.

ಉತ್ತರ 3: ತ್ರೀ-ಎಕ್ಸ್‌ಇ ತೊಟ್ಟಿಲಿಗೆ (ಕಂಪ್ಯೂಟರಿಗೆ ಜೋಡಿಸುವ ಸ್ಟ್ಯಾಂಡ್‌ಗೆ) 9 ಪಿನ್ ಸೀರಿಯಲ್ ಪೋರ್ಟ್ ಬೇಕು, ಈಗಿನ ಲ್ಯಾಪ್‌ಟಾಪ್‌ಗಾದರೆ ಯುಎಸ್‌ಬಿ ಕನ್ವರ್ಟರ್. ಆ ರಗಳೆ ಬೇಡವೆಂದರೆ ಇ2, ಅದು ನೇರ ಯುಎಸ್‌ಬಿ. ಜೊತೆಗೆ ಚಾರ್ಜ್ ಮುಗಿದರೂ ಅದರ ಫ್ಲಾಶ್ ಮೆಮೊರಿಯಲ್ಲಿ ಮಾಹಿತಿ ಉಳಿಯುತ್ತೆ. ಬ್ಯಾಟರಿ ಒಳಗೇ ಇರೋದರಿಂದ ಹಳತಾಗಿದ್ದರೆ ಬದಲಿಸೋದು ಕಷ್ಟ. ಎರಡರಲ್ಲೂ ಕನ್ನಡ ಫಾಂಟ್ ಇಲ್ಲ, ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೀಬೇಕು.