ದೇವರ ಮನೆ ಲೈಟ್ ಹಾಕಿದರೆ ಇಡೀ ಮನೆ ಕತ್ತಲೆ (ಶಾಲೆ ಮಾಡೆಲ್, ಅರ್ಜೆಂಟ್)

ಸಾಗರದ_ಅಪ್ಪ:
ಎರಡು ಸಂಜೆ ಇದರಲ್ಲೇ ಹೋಯಿತು. ಮಗಳು 8ನೇ ಕ್ಲಾಸು. ಥರ್ಮಾಕೋಲ್ ಮನೆ, ನಾಲ್ಕು ರೂಮು, ರೂಮಿಗೊಂದು ಎಲ್‌ಇಡಿ, ಒಂದೊಂದಕ್ಕೂ ಸ್ವಿಚ್ಚು. ಎಲ್ಲವೂ ಪ್ಯಾರಲಲ್, ಅಂದರೆ ಒಂದೊಂದಕ್ಕೂ ಬೇರೆ ಬೇರೆ ದಾರಿ. ಒಂದೊಂದೇ ಹಾಕಿದರೆ ಚೆನ್ನಾಗಿ ಉರಿಯುತ್ತವೆ. ದೇವರ ಮನೆಯದು ಹಾಕಿದ ತಕ್ಷಣ ಉಳಿದ ಮೂರೂ ಪಟ್ ಅಂತ ಆರುತ್ತವೆ. ಅದನ್ನು ಆರಿಸಿದರೆ ಮತ್ತೆ ಬರುತ್ತವೆ. ಪ್ಯಾರಲಲ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ತೊಂದರೆ ಇಲ್ಲ ಅಂತ ಪುಸ್ತಕದಲ್ಲಿದೆ. "ಪುಸ್ತಕ ತಪ್ಪಾ ಅಪ್ಪಾ?" ಅಂತ ಕೇಳುತ್ತಾಳೆ. ನಾಳಿದ್ದು ಪ್ರದರ್ಶನ.

ಬ್ಯಾಟರಿ_ಬಸಣ್ಣ:
9 ವೋಲ್ಟಿನ ಚೌಕ ಬ್ಯಾಟರಿ ತಾನೇ? ಅದು ಹೆಸರಿಗಷ್ಟೇ 9. ಬದಲಾಯಿಸಿ.

ಸಾಗರದ_ಅಪ್ಪ:
ನಿನ್ನೆ ತಂದದ್ದು ಸಾರ್, ಹೊಸದೇ.

ಬ್ಯಾಟರಿ_ಬಸಣ್ಣ:
ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದಿರುತ್ತದೆ. ಲೋಡ್ ಬಿದ್ದ ಕೂಡಲೇ ಕುಸಿಯುತ್ತದೆ. ನೂರಕ್ಕೆ ನೂರು ಬ್ಯಾಟರಿಯೇ.

ಪವರ್_ಪ್ರಕಾಶ:
ಇಷ್ಟೆಲ್ಲಾ ಯಾಕೆ? ಗಣಪತಿ ಹಬ್ಬದ ಸೀರಿಯಲ್ ಸೆಟ್ ಇರುತ್ತಲ್ಲ, ಸುಮ್ನೆ ಮನೆಯೊಳಗೆ ಸುತ್ತಿ ಪ್ಲಗ್ಗಿಗೆ ಹಾಕಿ. ಝಗಮಗ ಅನ್ನುತ್ತದೆ. ಒಂದೊಂದು ಬಲ್ಬಿಗೆ 3 ವೋಲ್ಟು ಅಷ್ಟೇ.

ಲೈನ್‌ಮನ್_ಮಗ:
ದಯವಿಟ್ಟು ಮಕ್ಕಳ ಮಾಡೆಲ್‌ಗೆ ಇಂಥ ಸಲಹೆ ಕೊಡಬೇಡಿ. ಬಲ್ಬಿನ ಎರಡು ಕಾಲಿನ ಮಧ್ಯೆ 3 ವೋಲ್ಟು ನಿಜ. ಆದರೆ ಫೇಸ್ ಕಡೆಯ ವೈರ್ ಸುಲಿದಿದ್ದರೆ, ಅದನ್ನು ಮುಟ್ಟಿದ ಮಗುವಿಗೂ ನೆಲಕ್ಕೂ ಮಧ್ಯೆ ಇರೋದು 230. ಪ್ರದರ್ಶನದಲ್ಲಿ ಎಲ್ಲರೂ ಕೈ ಹಾಕುತ್ತಾರೆ.

ಪವರ್_ಪ್ರಕಾಶ:
ಎಂಸಿಬಿ ಇರುತ್ತದೆ ಬಿಡಿ, ಟ್ರಿಪ್ ಆಗುತ್ತದೆ.

ಲೈನ್‌ಮನ್_ಮಗ:
ಆಗಲ್ಲ. 6 ಆಂಪ್ ಎಂಸಿಬಿ ಕಾಯೋದು ವೈರನ್ನು, ಮನುಷ್ಯನನ್ನಲ್ಲ. ಅದರ 200ರಲ್ಲಿ ಒಂದು ಪಾಲು, ಅಂದರೆ 30 ಮಿಲಿ ಆಂಪ್ ಮೈಯಲ್ಲಿ ಹರಿದರೂ ಅಪಾಯ. ಅದಕ್ಕೇ ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಅಂತ ಬೇರೆ ಇದೆ. ಎಷ್ಟು ಶಾಲೆಯಲ್ಲಿ ಹಾಕಿದ್ದಾರೆ, ಹೇಳಿ?

ಪವರ್_ಪ್ರಕಾಶ:
ನಮ್ಮ ಮನೆಯಲ್ಲಿ ಎರಡು ಆರ್‌ಸಿಸಿಬಿ ಇದೆ. ಜೊತೆಗೆ 5 ಕಿಲೋವ್ಯಾಟ್ ಸೋಲಾರ್. ಅರ್ಥಿಂಗ್ ಬೇರೆ ಬೇರೆ ಮೂರು ಗುಂಡಿ. ಫೋಟೋ ಹಾಕಲಾ?

ಮೀಟರ್_ಮಾಲತಿ:
ಬೇಡ. ಸಾಗರದವರೇ, ಮಲ್ಟಿಮೀಟರ್ ಇದೆಯಾ? ದೇವರ ಮನೆ ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿ ಎಷ್ಟು ತೋರಿಸುತ್ತದೆ ನೋಡಿ.

ಸಾಗರದ_ಅಪ್ಪ:
ಪಕ್ಕದ ಮನೆಯಿಂದ ತಂದೆ. 8.9.

ಬ್ಯಾಟರಿ_ಬಸಣ್ಣ:
ಮೀಟರ್‌ನ ಸೆಲ್ ವೀಕ್ ಇದ್ದರೆ ತಪ್ಪು ತೋರಿಸುತ್ತದೆ.

ಮೀಟರ್_ಮಾಲತಿ:
ಬಸಣ್ಣ, ಒಂದು ನಿಮಿಷ ಇರಿ. ಕರೆಂಟಿಗೆ ಮಿತಿ ಹಾಕುವ ರೆಸಿಸ್ಟರ್ ಹಾಕಿದ್ದೀರಾ?

ಸಾಗರದ_ಅಪ್ಪ:
ಅಷ್ಟೂ ಗೊತ್ತಿಲ್ವಾ ಮೇಡಂ? ಇಲ್ಲದಿದ್ದರೆ ಎಲ್‌ಇಡಿ ಸುಟ್ಟು ಹೋಗುತ್ತದೆ. 470 ಓಮ್. ಹಳದಿ-ನೇರಳೆ-ಕಂದು ಪಟ್ಟೆ.

ಮೀಟರ್_ಮಾಲತಿ:
ಎಷ್ಟು ಹಾಕಿದ್ದೀರಿ, ಎಲ್ಲಿ?

ಸಾಗರದ_ಅಪ್ಪ:
ಒಂದು. ಬ್ಯಾಟರಿ ಪಕ್ಕದಲ್ಲೇ. ಎಲ್ಲದಕ್ಕೂ ಸೇರಿ.

ಮೀಟರ್_ಮಾಲತಿ:
ಎಲ್‌ಇಡಿ ಬಣ್ಣ?

ಸಾಗರದ_ಅಪ್ಪ:
ಬಣ್ಣಕ್ಕೂ ಇದಕ್ಕೂ ಏನು ಸಂಬಂಧ? ಮೂರು ಬಿಳಿ. ದೇವರ ಮನೆಗೆ ಕೆಂಪು, ನಮ್ಮ ಮನೆಯ ಝೀರೋ ಬಲ್ಬಿನ ಹಾಗೆ.

ಮೀಟರ್_ಮಾಲತಿ:
ಸಿಕ್ಕಿತು. ಮೊದಲೇ ಹೇಳಬಾರದಿತ್ತಾ! ಬಿಳಿ ಎಲ್‌ಇಡಿಗೆ ಹೆಚ್ಚುಕಡಿಮೆ 3 ವೋಲ್ಟ್ ಬೇಕು. ಕೆಂಪಿಗೆ 2 ಸಾಕು. ಒಂದೇ ರೆಸಿಸ್ಟರ್ ದಾಟಿ ಬಂದ ಕರೆಂಟು ನಾಲ್ಕೂ ದಾರಿಗೆ ಹಂಚಿಕೆಯಾಗಬೇಕು. ಕೆಂಪು ದಾರಿ ತೆರೆದರೆ ಅಲ್ಲಿನ ವೋಲ್ಟೇಜ್ 2ರಲ್ಲೇ ನಿಂತುಬಿಡುತ್ತದೆ, 3ಕ್ಕೆ ಏರೋದೇ ಇಲ್ಲ. ರೆಸಿಸ್ಟರ್ ಆಚೆ ಅಳೆದು ನೋಡಿ.

ಸಾಗರದ_ಅಪ್ಪ:
ಕೆಂಪು ಇಲ್ಲದಿದ್ದರೆ 2.9. ಕೆಂಪು ಹಾಕಿದರೆ 1.9! ಮಗಳು ನನಗಿಂತ ಬೇಗ ಹಿಡಿದಳು. "ಡ್ರಮ್ಮಿಗೆ ಎರಡು ಅಡಿಯಲ್ಲಿ ಒಂದು ತೂತು, ಮೂರು ಅಡಿಯಲ್ಲಿ ಇನ್ನೊಂದು. ಮೇಲಿಂದ ಸಣ್ಣ ನಲ್ಲಿ. ಕೆಳಗಿನ ತೂತು ಬಿಟ್ಟರೆ ನೀರು ಮೇಲಿನದಕ್ಕೆ ಮುಟ್ಟೋದೇ ಇಲ್ಲ" ಅಂದಳು.

ಮೀಟರ್_ಮಾಲತಿ:
ಅವಳೇ ಪ್ರದರ್ಶನದಲ್ಲಿ ನಿಂತು ಮಾತಾಡಲಿ. ಈಗ ಆ ರೆಸಿಸ್ಟರ್ ತೆಗೆದು, ಒಂದೊಂದು ಎಲ್‌ಇಡಿಗೂ ಬೇರೆ ಬೇರೆ 470 ಹಾಕಿ. ಕೆಂಪಿಗೆ ಸುಮಾರು 15 ಮಿಲಿ ಆಂಪ್, ಬಿಳಿಗೆ 13 ಹರಿಯುತ್ತದೆ. ಎಸ್‌ಪಿ ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಸಾಗರದ_ಅಪ್ಪ:
ನಾನಿರೋದು ಸಾಗರದಲ್ಲಿ ಮೇಡಂ, ಎಸ್‌ಪಿ ರೋಡ್ ಬೆಂಗಳೂರಲ್ಲಿ.

ಲೈನ್‌ಮನ್_ಮಗ:
ರೇಡಿಯೋ-ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ. 390, 560 ಇದ್ದರೂ ನಡೆಯುತ್ತದೆ.

ಬ್ಯಾಟರಿ_ಬಸಣ್ಣ:
ಏನೇ ಹೇಳಿ, ಚೌಕ ಬ್ಯಾಟರಿ ಬದಲು ನಾಲ್ಕು ಪೆನ್ಸಿಲ್ ಸೆಲ್ ಹಾಕಿದ್ದರೆ ದಿನವಿಡೀ ಬರುತ್ತಿತ್ತು. ಬ್ಯಾಟರಿ ತಪ್ಪು ಅಂದೆನಲ್ಲ.

ಸಾಗರದ_ಅಪ್ಪ:
ರಿಪೇರಿ ಅಂಗಡಿಯವರು ಹಳೆ ಬೋರ್ಡಿಂದ ಕಿತ್ತು ನಾಲ್ಕು 560 ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಹಾಕಿದೆ. ದೇವರ ಮನೆ, ಹಾಲ್, ಅಡುಗೆಮನೆ ಒಟ್ಟಿಗೇ ಉರಿಯುತ್ತಿವೆ! ಆದರೆ ಬೆಡ್‌ರೂಮಿನದು ಈಗ ಸತ್ತಂತಿದೆ.

ಮೀಟರ್_ಮಾಲತಿ:
ಬೆಸುಗೆ ಬಿಚ್ಚಿ ಹಾಕುವಾಗ ತಿರುಗಿಸಿಬಿಟ್ಟಿರಬಹುದು. ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿದ್ದರೆ ಬುಡದ ಅಂಚು ಸವರಿ ನೋಡಿ, ಚಪ್ಪಟೆ ಇರುವ ಕಡೆ ಮೈನಸ್.

ಸಾಗರದ_ಅಪ್ಪ:
ಹೌದು, ಉಲ್ಟಾ! ಬಂತು. ಮಗಳದು ಇನ್ನೊಂದು ಪ್ರಶ್ನೆ: ಮನೆಯಲ್ಲಿ ನೀರಿನ ಮೋಟಾರ್ ಹಾಕಿದಾಗ ಲೈಟು ಒಂದು ಕ್ಷಣ ಮಂಕಾಗುತ್ತದಲ್ಲ, ಅದೂ ಇದೇನಾ?

ಲೈನ್‌ಮನ್_ಮಗ:
ಹತ್ತಿರದ ಸಂಬಂಧಿ. ಮೋಟಾರ್ ಶುರುವಾಗುವಾಗ ಜೋರಾಗಿ ಕರೆಂಟ್ ಎಳೆಯುತ್ತದೆ. ಕಂಬದಿಂದ ಮನೆಗೆ ಬರುವ ವೈರೇ ಇಲ್ಲಿ ಎಲ್ಲರಿಗೂ ಸೇರಿದ ರೆಸಿಸ್ಟರ್. ಜಾಸ್ತಿ ಮಂಕಾದರೆ, ಇಲ್ಲಾ ಸ್ವಿಚ್ ಬೋರ್ಡ್ ಬೆಚ್ಚಗಾದರೆ, ಎಲ್ಲೋ ಲೂಸ್ ಇದೆ. ವೈರಿಂಗ್‌ನವರನ್ನು ಕರೆಸಿ, ನೀವೇ ಬಿಚ್ಚಬೇಡಿ.

ಪವರ್_ಪ್ರಕಾಶ:
ನಮ್ಮಲ್ಲಿ ಮೋಟಾರ್ ಹಾಕಿದರೂ ಲೈಟ್ ಅಲುಗಾಡಲ್ಲ. ಮೋಟಾರನ್ನು ನಿಧಾನವಾಗಿ ಶುರು ಮಾಡುವ ವಿಎಫ್‌ಡಿ ಹಾಕಿಸಿದ್ದೇನೆ. ಫೋಟೋ ಹಾಕ್ತೀನಿ ತಡೀರಿ.

ಬ್ಯಾಟರಿ_ಬಸಣ್ಣ:
ಆ ಸೋಲಾರ್‌ಗೆ ಯಾವ ಬ್ಯಾಟರಿ?