ಚೈನ್ ಸಾ ಸರಪಳಿಯ ಗಿಡ್ಡ ಹಲ್ಲಿಗೆ ನಿಮ್ಮ ಕಡೆ ಏನಂತಾರೆ?

ಗೆಳೆಯರೇ, ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಮೂಲೆ ಸೇರಿದ ಹಳೆಯ ಚೈನ್ ಸಾಗಳನ್ನು (ಮರ ಕೊಯ್ಯುವ ಪೆಟ್ರೋಲ್ ಮಿಷಿನ್‌ಗಳನ್ನು) ತಂದು, ಮನೆಯಲ್ಲೇ ಬಿಚ್ಚಿ, ತೊಳೆದು, ಮತ್ತೆ ಓಡುವಂತೆ ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಚನ್ನಗಿರಿ ಕಡೆಯ ತೋಟದ ಮನೆಗಳಲ್ಲಿ ಇಂಥವು ಸಿಗುತ್ತವೆ. ಈ ಕೆಲಸ ಕಲಿಯಬೇಕು ಅನ್ನುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎಷ್ಟೋ ಪದಗಳು ತಾವಾಗಿಯೇ ಬಂದವು. ಕೆಲವು ಕಡೆ ಮಾತ್ರ ಬರವಣಿಗೆ ಮುಂದೆ ಹೋಗುತ್ತಿಲ್ಲ. ಅಲ್ಲಿ ನಿಮ್ಮ ಸಹಾಯ ಬೇಕು.

ಮೊದಲು ಮುಖ್ಯವಾದದ್ದನ್ನು ಕೇಳುತ್ತೇನೆ. ಚೈನಿನ ಒಂದು ಕೊಯ್ಯುವ ಕೊಂಡಿಯನ್ನು ಹತ್ತಿರದಿಂದ ನೋಡಿ. ಹಿಂದೆ ಬಾಗಿದ ಹಲ್ಲು ಇರುತ್ತದೆ. ಮರ ಕೊಯ್ಯುವುದು ಅದೇ. ಅದೇ ಕೊಂಡಿಯಲ್ಲಿ, ಆ ಹಲ್ಲಿನ ಮುಂದೆ, ಇನ್ನೊಂದು ಮೊಂಡು ಹಲ್ಲು ಎದ್ದಿರುತ್ತದೆ. ಅದಕ್ಕೆ ಅಲಗಿಲ್ಲ. ಹಿಂದಿನ ಹಲ್ಲಿಗಿಂತ ಸಾಮಾನ್ಯವಾಗಿ 0.65 ಮಿಲಿಮೀಟರ್‌ನಷ್ಟು ತಗ್ಗಾಗಿರುತ್ತದೆ. ಇದರದ್ದು ಒಂದೇ ಕೆಲಸ: ಹಿಂದಿನ ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅನ್ನುವುದಕ್ಕೆ ಮಿತಿ ಹಾಕುವುದು.

ಹಲ್ಲಿಗೆ ಅರ (ಫೈಲ್) ಹಾಕಿದ ಹಾಗೆಲ್ಲ ಅದರ ಎತ್ತರ ಕಡಿಮೆಯಾಗುತ್ತದೆ. ಮುಂದಿನ ಮೊಂಡು ಹಲ್ಲು ಹಾಗೇ ಉಳಿದಿರುತ್ತದೆ. ಕೊನೆಗೆ ಎರಡೂ ಸಮ ಆಗಿಬಿಡುತ್ತವೆ. ಆಮೇಲೆ ಹಲ್ಲು ಎಷ್ಟೇ ಹರಿತವಾಗಿದ್ದರೂ ಮರ ಕಚ್ಚುವುದಿಲ್ಲ. ಚಕ್ಕೆ ಹಾರುವ ಬದಲು ನುಣ್ಣನೆಯ ಪುಡಿ ಬೀಳುತ್ತದೆ. ಹಾಗಂತ ಮುಂದಿನದನ್ನು ಜಾಸ್ತಿ ಉಜ್ಜಿದರೆ ಅದಕ್ಕಿಂತ ಕೆಟ್ಟದ್ದು. ಹಲ್ಲು ಆಳಕ್ಕೆ ಇಳಿದು ಮಿಷಿನ್ ಕೈಯನ್ನು ಜಗ್ಗುತ್ತದೆ, ಮುಖದ ಕಡೆಗೆ ಎಗರುವ ಅಪಾಯ ಹೆಚ್ಚುತ್ತದೆ. ಹಳೆಯ ಮಿಷಿನ್‌ಗಳಲ್ಲಿ ಚೈನನ್ನು ಥಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಕೂಡ ಇರಲಿಲ್ಲ. ಇಷ್ಟು ಹೊಣೆ ಹೊತ್ತ ಭಾಗಕ್ಕೆ ನನ್ನ ಪುಸ್ತಕದಲ್ಲಿ ಒಂದು ಗಟ್ಟಿ ಹೆಸರು ಇರಲೇಬೇಕು.

ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಹೆಸರು: ಡೆಪ್ತ್ ಗೇಜ್ ಮತ್ತು ರೇಕರ್. ಕೆಲಸಗಾರರ ಬಾಯಲ್ಲಿ ಎರಡನೆಯದೇ ಜಾಸ್ತಿ. ಅದನ್ನು ಹಾಗೇ ಕನ್ನಡಕ್ಕೆ ತಂದರೆ 'ಗೋರುವ ಹಲ್ಲು' ಆಗುತ್ತದೆ. ಆದರೆ ಇದು ಏನನ್ನೂ ಗೋರುವುದಿಲ್ಲ! ಹೆಸರು ಬಂದ ದಾರಿ ಬೇರೆ. ಇಬ್ಬರು ಆಚೆ ಈಚೆ ನಿಂತು ಎಳೆಯುವ ಉದ್ದನೆಯ ಗರಗಸಗಳಲ್ಲಿ ಎರಡು ಬಗೆಯ ಹಲ್ಲುಗಳಿರುತ್ತಿದ್ದವು. ಕೆಲವು ಹಲ್ಲುಗಳು ನಾರನ್ನು ಕತ್ತರಿಸುತ್ತಿದ್ದವು. ಅವಕ್ಕಿಂತ ತುಸು ಗಿಡ್ಡವಾದ ಹಲ್ಲುಗಳು ಕತ್ತರಿಸಿದ ನಾರನ್ನು ಗೋರಿ ಹೊರಗೆ ಹಾಕುತ್ತಿದ್ದವು. ಮೊದಮೊದಲ ಚೈನ್‌ಗಳ ಹಲ್ಲುಗಳನ್ನೂ ಇದೇ ರೀತಿಯಲ್ಲಿ ಮಾಡಿದ್ದರು. 1940ರ ದಶಕದಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರರಿದ್ದರು. ಮರ ಕೊರೆಯುವ ಹುಳು ತನ್ನ ದವಡೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಡಿಯುತ್ತ ಸಾಗುವುದನ್ನು ನೋಡಿ, ಅವರು ಬೇರೆಯೇ ಬಗೆಯ ಹಲ್ಲು ಮಾಡಿದರು. ಇವತ್ತಿನ ಚೈನ್ ಬಂದಿರುವುದು ಅದರಿಂದಲೇ. ಅದರಲ್ಲಿ ಕೊಯ್ಯುವ ಹಲ್ಲೇ ಚಕ್ಕೆಯನ್ನೂ ಎತ್ತಿ ಹಾಕುತ್ತದೆ. ಗಿಡ್ಡ ಹಲ್ಲಿಗೆ ಗೋರುವ ಕೆಲಸ ಇಲ್ಲವಾಯಿತು. ಹಳೆಯ ಹೆಸರು ಮಾತ್ರ ಅಂಟಿಕೊಂಡಿತು. ಕಲಿಯುವ ಹುಡುಗನಿಗೆ 'ಗೋರುವ ಹಲ್ಲು' ಅಂದರೆ, ಅವನು ಅದನ್ನೂ ಹರಿತ ಮಾಡಲು ಹೊರಡುತ್ತಾನೆ. ಹಾಗಾಗಿ ಆ ಪದ ನನಗೆ ಬೇಡ.

ಇದಕ್ಕೆ ಹೋಲುವ ಏರ್ಪಾಡು ನಮ್ಮ ಬಡಗಿಗಳ ಹತ್ತರಿಯಲ್ಲಿದೆ. ಅದನ್ನೇ ಕೆಲವರು ಉಜ್ಜುಗೊರಡು ಅನ್ನುತ್ತಾರೆ. ಅಲ್ಲಿ ಅಲಗು ತಳದಿಂದ ಎಷ್ಟು ಹೊರಗೆ ಬಂದಿದೆಯೋ ಅಷ್ಟೇ ದಪ್ಪದ ಹೆರೆ ಏಳುತ್ತದೆ. ಜಾಸ್ತಿ ಬಂದರೆ 'ಕಚ್ಚುತ್ತದೆ' ಅನ್ನುತ್ತಾರೆ. ಈ 'ಕಚ್ಚು' ಹಿಡಿದುಕೊಂಡು 'ಕಚ್ಚುಮಿತಿ' ಅಂತ ಯೋಚಿಸಿದೆ. ಅರ್ಥ ಸರಿ. ಆದರೆ ಅದು ಅಳತೆಯ ಹೆಸರಾಯಿತೇ ಹೊರತು ವಸ್ತುವಿನ ಹೆಸರಾಗಲಿಲ್ಲ. 'ಅಳತೆ ಹಲ್ಲು' ಸುಲಭ, ಆದರೆ ಸಪ್ಪೆ. 'ತಡೆಹಲ್ಲು' ನನಗೆ ಹಿಡಿಸಿದೆ. ಆಳಕ್ಕೆ ಹೋಗದಂತೆ ತಡೆಯುವ ಹಲ್ಲು. ಹರಿತ ಮಾಡಬೇಕಾದ್ದಲ್ಲ ಅನ್ನುವುದೂ ಹೆಸರಿನಲ್ಲೇ ತಿಳಿಯುತ್ತದೆ, ಅಲ್ವಾ? ಇಲ್ಲಿನ ಕೆಲಸಗಾರರು 'ಮುಂದಿನ ಗಿಡ್ಡ ಹಲ್ಲು' ಅಥವಾ ಬರೀ 'ಗೇಜು' ಅನ್ನುತ್ತಾರೆ. ಸಾಮಿಲ್ಲಿನಲ್ಲೋ ಬಡಗಿಗಳಲ್ಲೋ ಇದಕ್ಕೆ ಹೊಂದುವ ಹಳೆಯ ಪದ ಇದ್ದರೆ, ನಾನು ಕಟ್ಟಿದ್ದನ್ನು ಈಗಲೇ ಬಿಡುತ್ತೇನೆ. ಇರುವ ಪದ ಇದ್ದಾಗ ಹೊಸದು ಯಾಕೆ ಬೇಕು?

ಎರಡನೆಯದು ಹರಿತ ಮಾಡುವ ಕೆಲಸಕ್ಕೆ ಸೇರಿದ್ದು. ಇಲ್ಲಿ ಕನ್ನಡ ಬಹಳ ಸಿರಿವಂತ ಭಾಷೆ. ಕಲ್ಲಿನ ಮೇಲೆ ತಿಕ್ಕಿದರೆ ಮಸೆಯುವುದು. ತಿರುಗುವ ಚಕ್ರಕ್ಕೆ ಒಡ್ಡಿದರೆ ಸಾಣೆ ಹಿಡಿಯುವುದು. ಕುಲುಮೆಯಲ್ಲಿ ಕಾಸಿ ಬಡಿದರೆ ಹಣಿಯುವುದು. ಗೀರುಗಳಿರುವ ಉಕ್ಕಿನ ಕಡ್ಡಿಯಿಂದ ಉಜ್ಜಿದರೆ ಅರ ಹಾಕುವುದು. ಚೈನಿಗೆ ಒಪ್ಪುವುದು ಕೊನೆಯದು. 0.325 ಇಂಚಿನ ಪಿಚ್ (ಕೊಂಡಿಗಳ ಅಂತರದ ಅಳತೆ) ಇರುವ ಚೈನಿಗೆ 4.8 ಮಿಲಿಮೀಟರಿನ ದುಂಡು ಅರ ಬೇಕು, ದೊಡ್ಡ 0.404 ಇಂಚಿನದಕ್ಕೆ 5.5ರದ್ದು. ತಡೆಹಲ್ಲಿನ ಎತ್ತರ ತಗ್ಗಿಸಲು ಚಪ್ಪಟೆ ಅರ. ಆದರೆ ಈಗಿನ ಹುಡುಗರಿಗೆ 'ಅರ' ಗೊತ್ತಿಲ್ಲ. ಅಂಗಡಿಯಲ್ಲೂ 'ಫೈಲ್' ಅಂತಲೇ ಕೇಳಬೇಕು. ನನಗೆ 'ಅರ' ಬಿಡಲು ಮನಸ್ಸಿಲ್ಲ. ಎರಡೇ ಅಕ್ಷರ, ಬಾಯಿಗೆ ಹಗುರ. ಮೊದಲ ಸಲ 'ಅರ, ಅಂದರೆ ಫೈಲ್' ಅಂತ ಬರೆದು, ಮುಂದೆಲ್ಲ 'ಅರ' ಅಂತಲೇ ಇಟ್ಟಿದ್ದೇನೆ. ನಿಮ್ಮ ಊರಿನಲ್ಲಿ ಈ ಪದ ಇನ್ನೂ ಓಡಾಡುತ್ತಿದೆಯೇ?

ಮೂರನೆಯದು ಎಂಜಿನ್ನಿಗೆ ಸಂಬಂಧಿಸಿದ್ದು. ವರ್ಷಗಟ್ಟಲೆ ಸುಮ್ನೆ ಬಿದ್ದ ಮಿಷಿನ್ನಿನ ಹಗ್ಗ ಎಳೆದರೆ ಬರುವುದಿಲ್ಲ. ಪಿಸ್ಟನ್ ಅಲುಗುವುದಿಲ್ಲ. ಇದಕ್ಕೆ ಎರಡು ಕಾರಣಗಳಿರಬಹುದು. ಒಂದು, ತೇವ ಒಳಗೆ ಸೇರಿ ರಿಂಗು ಮತ್ತು ಬೋರಿನ (ಪಿಸ್ಟನ್ ಆಡುವ ಕೊಳವೆಯ) ನಡುವೆ ತುಕ್ಕು ಕೂತಿರುವುದು. ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟು ನೆನೆಯಲು ಬಿಟ್ಟರೆ ಬಹಳ ಸಲ ಇದು ಸಡಿಲವಾಗುತ್ತದೆ. ಇನ್ನೊಂದು, ಪೆಟ್ರೋಲಿಗೆ ಟೂಟಿ (2T) ಆಯಿಲ್ ಬೆರೆಸದೆ ಓಡಿಸಿ, ಬಿಸಿಯಾಗಿ, ಪಿಸ್ಟನ್ನಿನ ಅಲ್ಯೂಮಿನಿಯಂ ಬೋರಿಗೆ ಮೆತ್ತಿಕೊಂಡಿರುವುದು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರುಗಳು ಕಾಣುತ್ತವೆ. ಎರಡನ್ನೂ 'ಸೀಜ್ ಆಗಿದೆ' ಅಂದುಬಿಡುತ್ತಾರೆ. ಆದರೆ ಮದ್ದು ಬೇರೆ ಬೇರೆ. ಅದಕ್ಕೆ ನಾನು ಮೊದಲನೆಯದಕ್ಕೆ 'ಹಿಡಿದುಕೊಂಡಿದೆ', ಎರಡನೆಯದಕ್ಕೆ 'ಕಚ್ಚಿಕೊಂಡಿದೆ' ಅಂತ ಬಳಸಬೇಕು ಅಂದುಕೊಂಡಿದ್ದೇನೆ. ಹಿಡಿದದ್ದನ್ನು ಬಿಡಿಸಬಹುದು, ಕಚ್ಚಿದರೆ ಗಾಯ ಉಳಿಯುತ್ತದೆ. ಇದೇ ಬಗೆಯ ಎಂಜಿನ್ ಇದ್ದ ಹಳೆಯ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿ ಬೆಳೆದ ಹಿರಿಯ ಮೆಕ್ಯಾನಿಕ್‌ಗಳು ಈ ಎರಡು ಮಾತುಗಳಲ್ಲಿ ವ್ಯತ್ಯಾಸ ಮಾಡುತ್ತಿದ್ದರೇ? ಕೇಳಿದವರು ದಯವಿಟ್ಟು ತಿಳಿಸಿ.

ಉಳಿದವು ಸಣ್ಣವು. ಪ್ಲಗ್ಗಿನ ಕಿಡಿಗೆ ಮೆಕ್ಯಾನಿಕ್‌ಗಳು 'ಕರೆಂಟ್' ಅನ್ನುತ್ತಾರೆ. 'ಪಾಯಿಂಟ್ ಉಜ್ಜಿ ನೋಡು, ಕರೆಂಟ್ ಬರುತ್ತೆ' ಅನ್ನುವ ಮಾತನ್ನು ಹಾಗೇ ಇಟ್ಟುಕೊಂಡಿದ್ದೇನೆ. ಕಾರ್ಬುರೇಟರಿನ ಡಯಾಫ್ರಂಗೆ ಶಾಲೆಯ ವಿಜ್ಞಾನ ಪುಸ್ತಕದ 'ವಪೆ' ಇಲ್ಲಿ ಒಗ್ಗುವುದಿಲ್ಲ. ಅದು ಹೊಟ್ಟೆಯ ಮೇಲಿನ ಭಾಗದ ಹೆಸರಾಗಿ ಮನಸ್ಸಿನಲ್ಲಿ ಕೂತಿದೆ. ಚೈನ್ ಸಾ ಮಿಷಿನ್ನನ್ನು ಓರೆ ಹಿಡಿದರೂ ಮಗುಚಿದರೂ ಓಡಬೇಕು. ಅದಕ್ಕೇ ಅದರ ಕಾರ್ಬುರೇಟರಿನಲ್ಲಿ ಬೈಕಿನ ಹಾಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಇಲ್ಲ, ಈ ತೆಳ್ಳನೆಯ ರಬ್ಬರು ಪೊರೆ ಇದೆ. 'ಪೊರೆ' ಸಾಕು ಅನ್ನಿಸುತ್ತದೆ. ಬೇರೆ ಮಾತಿದ್ದರೆ ಹೇಳಿ.

ಉತ್ತರ ಬರೆಯುವಾಗ ನಿಮ್ಮ ಊರು, ತಾಲ್ಲೂಕು ಎರಡನ್ನೂ ಸೇರಿಸಿ. ನಮ್ಮ ಜಿಲ್ಲೆ ಆದದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಬರೀ 'ದಾವಣಗೆರೆ ಜಿಲ್ಲೆ' ಅಂದರೆ ಮಾತು ಯಾವ ಕಡೆಯದು ಅಂತ ತಿಳಿಯುವುದಿಲ್ಲ. ಇನ್ನೊಂದು ಕೋರಿಕೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್‌ಗಳು ತಯಾರಾಗುತ್ತಿದ್ದವು. ಅಲ್ಲಿ ಫಿಟ್ಟರ್, ಟರ್ನರ್ ಆಗಿದ್ದ ಹಿರಿಯರು ನಿಮ್ಮ ಮನೆಯಲ್ಲಿ ಇದ್ದರೆ, ಅವರು ಅರದ ಬಗೆಗಳಿಗೆ, ಹಲ್ಲಿನ ಭಾಗಗಳಿಗೆ ಬಳಸುತ್ತಿದ್ದ ಮಾತುಗಳನ್ನು ಕೇಳಿ ಬರೆದು ಕಳಿಸಿ. ತಿದ್ದದೆ, ಅವರು ಆಡಿದ ಹಾಗೆಯೇ ಕಳಿಸಿದರೆ ಇನ್ನೂ ಒಳ್ಳೆಯದು.